ಅತ್ತೆ ಮಾಡಿದ ಮೊದಲ ಬಾಣಂತನ

ನನ್ನ ಅತ್ತೆಯ ಕಿವಿಯಲ್ಲಿ ಬಂಗಾರವಿರಲಿಲ್ಲ, ಬೇವಿನ ಕಡ್ಡಿಗಳಿದ್ದವು. ಬೆಂಕಿಕಡ್ಡಿಗಿಂತ ಸಣ್ಣಗೆ ಸೀಳಿ, ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಚೂರುಗಳು. ಹಾಲೆಯಲ್ಲೊಂದು, ಮೇಲಿನ ಅಂಚಿನಲ್ಲೊಂದು. ತಮ್ಮ ಓಲೆ, ಬುಗುಡಿ, ಜುಮುಕಿಗಳನ್ನೆಲ್ಲ ಮೂವರು ಸೊಸೆಯರಿಗೆ ಹಂಚಿದ ಮೇಲೆ ತೂತುಗಳು ಮುಚ್ಚಿಹೋಗಬಾರದೆಂದು ಮಾಡಿಕೊಂಡ ಏರ್ಪಾಡು ಅದು. "ಹೇಗೂ ಇನ್ನು ಹಾಕಿಕೊಳ್ಳೋದಿಲ್ಲ ಅಂತೀರಿ, ಮುಚ್ಚಿದರೆ ಮುಚ್ಚಲಿ ಬಿಡಿ ಅತ್ತೆ" ಎಂದು ನಾನೊಮ್ಮೆ ಅಂದಿದ್ದೆ. "ನಮ್ಮವ್ವ ಚುಚ್ಚಿಸಿದ್ದದು. ಮುಚ್ಚಾಕ ನಾ ಯಾರು?" ಎಂದು ಕನ್ನಡಿಯ ಮುಂದೆ ಹೊಸ ಕಡ್ಡಿ ಏರಿಸಿಕೊಂಡರು.

ಬೀದರದವರು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆ ಹೈದರಾಬಾದಿಗೆ ಬಂದರು. ನನ್ನ ಗಂಡನಿಗೆ ಅಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ. ನಾನು ಮೈಸೂರಿನವಳು, ಕಾನ್ವೆಂಟಿನಲ್ಲಿ ಓದಿದವಳು. ನನ್ನ ಕನ್ನಡ ಅವರಿಗೆ ರೇಡಿಯೋ ವಾರ್ತೆಯ ಹಾಗೆ ಕೇಳುತ್ತಿತ್ತಂತೆ. ಅವರ ಕನ್ನಡದಲ್ಲಿ ಪ್ರತಿ ಎರಡನೇ ಮಾತಿಗೆ 'ಫಿಕರ್' ಬರುತ್ತಿತ್ತು. ಸಿಲಿಂಡರ್ ಮುಗಿಯುವ ಫಿಕರ್, ಮೊಮ್ಮಗಳ ಸ್ಕೂಲ್ ವ್ಯಾನಿನ ಫಿಕರ್, ಮಗ ಊಟದ ಡಬ್ಬಿ ಬಿಟ್ಟುಹೋದನೇನೋ ಎಂಬ ಫಿಕರ್. ನಾನೂ ಹೆದರುವವಳೇ. ಹೆದರಿದಾಗ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಪ್ರಾರ್ಥನೆ ತುಟಿಗೆ ತಾನಾಗಿ ಬರುತ್ತಿತ್ತು. "ಏನ ವಟಗುಟ್ಟತಿ?" ಎಂದು ಕೇಳುವರು. "ಪ್ರಾರ್ಥನೆ ಅತ್ತೆ." "ಯಾರಿಗೆ?" "ಮೇರಿಯಮ್ಮನಿಗೆ." "ಹೇಳು, ಹೇಳು. ಅಕಿಯೂ ಹಡದಾಕಿನ." ಹೀಗೆ ಒಂದೇ ಮನೆಯಲ್ಲಿ ಇಬ್ಬರು ಪುಕ್ಕಲರಿದ್ದೆವು.

ಅವರಿಗೆ ಬದುಕಿನಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮನೆಯವರಿಗೆಲ್ಲ ಗೊತ್ತಿತ್ತು. ಒಂದು ಬಾಣಂತನ ಮಾಡಬೇಕು. ಹೆಣ್ಣುಮಕ್ಕಳಿಲ್ಲ, ಮೂವರೂ ಗಂಡು. ಸೊಸೆಯರು ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ನನ್ನ ಮೊದಲ ಹೆರಿಗೆ ಮೈಸೂರಿನಲ್ಲೇ ಆಯಿತು. ತೊಟ್ಟಿಲಿಗೆ ಹಾಕುವ ದಿನ ಬೀಗತಿಯಾಗಿ ಬಂದು, ನಮ್ಮ ಹಾಲಿನ ಸೋಫಾದ ತುದಿಯಲ್ಲಿ ಕೈ ಮಡಚಿ ಕೂತಿದ್ದರು. ಅಡುಗೆಮನೆಗೆ ಬರಲು ಎದ್ದಾಗ ನನ್ನಮ್ಮ, "ನೀವು ಅತಿಥಿಗಳು, ಕೂತ್ಕೊಳಿ, ಕೂತ್ಕೊಳಿ" ಎಂದು ಮತ್ತೆ ಕೂರಿಸಿದ್ದರು. ಉಪಚಾರಕ್ಕೆಂದೇ ಆಡಿದ ಮಾತು. ಅತ್ತೆ ಕೂತರು. ಆದರೆ ಕಣ್ಣೆಲ್ಲ ಒಳಕೋಣೆಯ ಬಾಗಿಲಿನ ಮೇಲೆ, ಸಾಂಬ್ರಾಣಿಯ ಹೊಗೆ ಬರುತ್ತಿದ್ದ ಕಡೆ.

ಈಗ ನಾನು ಎರಡನೇ ಸಲ ಬಸುರಿ. ಐದು ತುಂಬುತ್ತಿತ್ತು. ಅಮ್ಮ ಆಗಲೇ ಫೋನಿನಲ್ಲಿ, "ಸೀಮಂತ ಮುಗಿದ ಮಾರನೇ ದಿನವೇ ರೈಲು ಹತ್ತಿಬಿಡು" ಎನ್ನುತ್ತಿದ್ದರು. ಅತ್ತೆ ಹಳೆಯ ನೂಲಿನ ಸೀರೆಗಳನ್ನು ಒಗೆದು, ಚೌಕಾಕಾರ ಹರಿದು, ಅಂಚು ಹೊಲಿದು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. "ಇದೆಲ್ಲ ಏನವ್ವ?" ಎಂದು ಮಗ ಕೇಳಿದರೆ, "ಪಾತ್ರೆ ಒರಸಾಕ" ಎನ್ನುವರು. ಅಷ್ಟು ಮೆತ್ತನೆಯ ಬಟ್ಟೆಯಲ್ಲಿ ಯಾರೂ ಪಾತ್ರೆ ಒರಸುವುದಿಲ್ಲ.

ನಮ್ಮದು ಗಚ್ಚಿಬೌಲಿಯ ಹಿಂದಿನ ಒಂದು ಹೊಸ ಕಾಲೊನಿಯಲ್ಲಿ ಬಾಡಿಗೆ ಮನೆ. ಸಾಫ್ಟ್‌ವೇರ್ ಕಂಪನಿಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ. ಆನೆ ಮಲಗಿದಂತಿದ್ದ ಬಂಡೆಗಳನ್ನು ಸಿಡಿಸಿ ಸಪಾಟು ಮಾಡುತ್ತಿದ್ದರು. ನಮ್ಮ ಹಿತ್ತಿಲ ಗೋಡೆಯಾಚೆಗೇ ಅಂಥದೊಂದು ಕೆಲಸ ನಡೆದಿತ್ತು. ಊಟದ ಹೊತ್ತಿನಲ್ಲಿ ಸೀಟಿ ಊದುವರು, ಕೆಂಪು ಬಟ್ಟೆ ಹಿಡಿದವನು ರಸ್ತೆಗೆ ಅಡ್ಡ ನಿಲ್ಲುವನು, ಆಮೇಲೆ ನೆಲವೇ ಒಮ್ಮೆ ಉಸಿರು ಕಟ್ಟಿದಂತಾಗಿ ಢಮ್ಮೆನ್ನುವುದು. ತಟ್ಟೆಗಳು ಕಟಕಟಿಸುವವು. ಅತ್ತೆ ಪ್ರತಿ ಸಲವೂ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಅಂಜಬ್ಯಾಡ, ಅಂಜಬ್ಯಾಡ" ಎನ್ನುವರು. ನನಗಲ್ಲ, ಒಳಗಿರುವ ಕೂಸಿಗೆ.

ಆ ದಿನಗಳಲ್ಲೇ ಮನೆಗೆ ಮೊಲ ಬಂತು. ಮಗಳ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪನಿಗೆ ಪುಣೆಗೆ ವರ್ಗವಾಗಿ, ಅವರು ಪಂಜರದ ಸಮೇತ ತಂದುಕೊಟ್ಟರು. ಬೂದಿ ಬಣ್ಣದ ಹೆಣ್ಣು ಮೊಲ. ನಾವು ಲಿಂಗಾಯತರು, ದಿನವೂ ಅತ್ತೆಯ ಲಿಂಗಪೂಜೆ ನಡೆಯುವ ಮನೆ. "ಹಿತ್ತಲದಾಗ ಇರಲಿ. ಹೊಸ್ತಿಲ ದಾಟಿದ್ರ ನಾ ಬೀದರಕ್ಕ ಹೋಗ್ತೀನಿ" ಎಂದರು. ಅವರು ದಿನಕ್ಕೆರಡು ಸಲವಾದರೂ ಬೀದರಕ್ಕೆ ಹೋಗುತ್ತೇನೆ ಎನ್ನುತ್ತಿದ್ದುದರಿಂದ ಯಾರೂ ಹೆದರಲಿಲ್ಲ.

ಕೆಲವು ದಿನಗಳಲ್ಲಿ ಮೊಲ ತನ್ನ ಎದೆಯ ಕೂದಲನ್ನು ತಾನೇ ಕಿತ್ತುಕೊಳ್ಳತೊಡಗಿತು. ಬಾಯಿತುಂಬ ಕಿತ್ತು, ಪಂಜರದೊಳಗಿನ ಮರದ ಪೆಟ್ಟಿಗೆಗೆ ಹೊತ್ತುಕೊಂಡು ಹೋಗುತ್ತಿತ್ತು. ಎದೆ ಬೋಳಾಗಿ ಗುಲಾಬಿ ಚರ್ಮ ಕಾಣುತ್ತಿತ್ತು. ಚರ್ಮರೋಗವೇ ಇರಬೇಕು, ಮಗಳಿಗೂ ಅಂಟೀತು ಎಂದು ನನಗೆ ಗಾಬರಿ. ಅತ್ತೆ ದೂರದಿಂದಲೇ ಸೆರಗು ಬಾಯಿಗೆ ಹಿಡಿದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ರೋಗ ಅಲ್ಲ ಅದು. ಹಾಸಿಗಿ ಹಾಸ್ಕೊಳ್ಳಾಕತ್ತೈತಿ. ಬಸರಿ ಐತಿ ಏ ಹುಡುಗಿ, ಇಕಿ ಬಸರಿ."

ಅವರ ದನಿ ಬೇರೆಯಾಗಿಬಿಟ್ಟಿತ್ತು. ಅವತ್ತಿನಿಂದ ಮೊಲ 'ಅದು' ಆಗಿದ್ದದ್ದು 'ಇಕಿ' ಆಯಿತು.

ಮಾರನೇ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕೂದಲಿನ ಗುಡ್ಡೆ ತಾನಾಗಿ ಅಲುಗಾಡುತ್ತಿತ್ತು. ಒಳಗೆ ಐದು ಮರಿಗಳು. ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಸಿಪ್ಪೆ ಸುಲಿದ ಹೆಬ್ಬೆರಳುಗಳ ಹಾಗೆ. ಚರ್ಮದೊಳಗಿನ ನರವೂ ಕಾಣುವಷ್ಟು ತೆಳುವು. ಮಗಳು ಕುಣಿದಾಡಿದಳು. ನನಗೆ ಮಾತ್ರ ಒಂದೇ ಯೋಚನೆ. ಇಷ್ಟು ಚಿಕ್ಕದನ್ನು ಬದುಕಿಸುವುದು ಹೇಗೆ?

ಅತ್ತೆಗೆ ಆ ಪ್ರಶ್ನೆಯೇ ಬರಲಿಲ್ಲ. ಬಾಣಂತನದ ಶಾಸ್ತ್ರವೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕಾದು ಕಾದು ಕಡೆಗೂ ಪಾಳಿ ಬಂದಿತ್ತು. ಪಂಜರಕ್ಕೆ ಗೋಣಿಚೀಲ ಹೊದಿಸಿ ಕತ್ತಲೆ ಮಾಡಿದರು. ಮೊಮ್ಮಗಳ ಗೆಳತಿಯರನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದರು. "ಬಾಣಂತಿ ಮುಂದ ಗದ್ದಲ ಮಾಡಬಾರದು, ಮಂದಿ ಕಣ್ಣಿನ ನೆದರ ಆಗ್ತೈತಿ." ಸಬ್ಬಸಿಗೆ ಸೊಪ್ಪಿನ ಕಟ್ಟು ತಂದು ಮುಂದಿಟ್ಟರು, ಹಾಲು ಹೆಚ್ಚಲೆಂದು. ಮೊಲ ಕಡ್ಡಿಯನ್ನೂ ಬಿಡದೆ ತಿಂದಿತು. ಅತ್ತೆ ನನ್ನ ಕಡೆ ತಿರುಗಿ, "ನೋಡಿದೇನು? ತವರು ಮನಿ ನೆನಪಾಗಬಾರದು, ಹಂಗ ನೋಡ್ಕೋಬೇಕು" ಎಂದರು. ಪೆಟ್ಟಿಗೆಯಲ್ಲಿದ್ದ ಮೆತ್ತನೆಯ ಬಟ್ಟೆಗಳಲ್ಲಿ ಎರಡು ಹೊರಬಂದು ಪಂಜರದ ನೆಲಕ್ಕೆ ಹಾಸಿಗೆಯಾದವು. ಸಂಜೆ ಕೆಂಡದ ಮೇಲೆ ಲೋಬಾನ ಹಾಕಿ ತಂದಾಗ ಮಾತ್ರ ಬಾಣಂತಿ ಸೀನಿ, ಹಿಂಗಾಲು ದಢಾರನೆ ಅಪ್ಪಳಿಸಿತು. "ಸಿಟ್ಟು ಭಾಳ ಇಕಿಗೆ," ಎಂದು ಅತ್ತೆ ಹೊಗೆ ಹೊರಗೆ ಒಯ್ದರು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆದರೆ ಮೊಲ ಮರಿಗಳ ಹತ್ತಿರ ಹೋಗಲೇ ಇಲ್ಲ.

ಇದೇ ನಮ್ಮನ್ನು ಕಾಡಿದ ಸಂಗತಿ. ಪಂಜರದ ಈ ತುದಿಯಲ್ಲಿ ಕೂತು ಸೊಪ್ಪು ಮೇಯುತ್ತಿತ್ತು, ಮುಖ ತೊಳೆದುಕೊಳ್ಳುತ್ತಿತ್ತು, ಕಿವಿ ಚಾಚಿ ಮಲಗುತ್ತಿತ್ತು. ಆ ತುದಿಯ ಪೆಟ್ಟಿಗೆಯಲ್ಲಿ ಮರಿಗಳಿವೆಯೆಂಬ ನೆನಪೇ ಇಲ್ಲದಂತೆ. ನಾನು ಒಲೆಯ ಮೇಲೆ ಸಾರು ಬಿಟ್ಟು ಬಿಟ್ಟು ಬಂದು ನೋಡುವೆ. ಅತ್ತೆ ಜಪದ ನಡುವೆ ಎದ್ದು ಬಂದು ನೋಡುವರು. "ಕುಡಿಸಿದಳೇನು?" "ಇಲ್ಲ ಅತ್ತೆ." "ನೀ ಸರಿಯಾಗಿ ನೋಡಿಲ್ಲ." "ಇಲ್ಲೇ ಕೂತಿದ್ದೆ ಅತ್ತೆ, ಅಲುಗಾಡಿಲ್ಲ." ಹಡೆದ ತಾಯಿ ಮಗ್ಗುಲಲ್ಲಿ ಮಕ್ಕಳನ್ನು ಹಾಕಿಕೊಂಡು ಮಲಗಬೇಕು, ಅದು ಅವರಿಗೆ ಗೊತ್ತಿದ್ದ ಲೋಕ. ನನಗೂ ಗೊತ್ತಿದ್ದದ್ದು ಅಷ್ಟೇ.

ಎರಡನೇ ದಿನವೂ ಹಾಗೇ ಕಳೆದಾಗ ಅತ್ತೆಯ ಮುಖ ಗಟ್ಟಿಯಾಯಿತು. "ಚೊಚ್ಚಲು. ತಿಳಿಯಾಂಗಿಲ್ಲ ಇಕಿಗೆ. ಕಲಸಬೇಕು." ಮೊಲವನ್ನು ಎತ್ತಿ ಮರಿಗಳಿದ್ದ ಪೆಟ್ಟಿಗೆಯೊಳಗೆ ಇಳಿಸಿದರು. ಅದು ಜಿಗಿದು ಹೊರಬಂತು. ಮತ್ತೆ ಇಳಿಸಿದರು, ಮತ್ತೆ ಹೊರಬಂತು. ಮೂರನೇ ಸಲ ಇಳಿಸಿ ಪೆಟ್ಟಿಗೆಯ ಬಾಯಿಗೆ ರೊಟ್ಟಿ ಬಡಿಯುವ ಹಲಗೆಯನ್ನು ಅಡ್ಡಲಾಗಿ ಇಟ್ಟರು. "ಜರಾ ಹೊತ್ತು ಇರಲಿ. ಮಕ್ಕಳ ವಾಸನಿ ಬಡದ್ರ ಎದಿ ತಾನಽ ತೊರಿತೈತಿ." ನನಗೂ ಸರಿಯೆನಿಸಿತು. ಒಳಗಿನಿಂದ ಸದ್ದಿರಲಿಲ್ಲ. ಒಪ್ಪಿಕೊಂಡಿತೆಂದು ನಾವಿಬ್ಬರೂ ಸಮಾಧಾನದಿಂದ ಊಟಕ್ಕೆ ಕೂತೆವು.

ಮೊದಲ ತುತ್ತಿಗೇ ಸೀಟಿ ಊದಿದರು.

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎದ್ದೆವು. ಐದನೇ ತಿಂಗಳ ಹೊಟ್ಟೆ ಹೊತ್ತು ನಾನು ಓಡಲಾರೆ, ಅವರ ಮೊಣಕಾಲು ಬಗ್ಗದು. ಹಿತ್ತಿಲ ಬಾಗಿಲು ದಾಟುವುದರೊಳಗೆ ಬಂಡೆ ಸಿಡಿಯಿತು. ಅದರ ಬೆನ್ನಿಗೇ ಪೆಟ್ಟಿಗೆಯೊಳಗಿನಿಂದ ದಡಬಡ, ಹಲಗೆಗೆ ಉಗುರು ಕೆರೆಯುವ ಸದ್ದು. ಅತ್ತೆ ಹಲಗೆ ಕಿತ್ತೆಸೆದರು. ಮೊಲ ಅವರ ತೋಳು ಗೀಚಿ ಹೊರಗೆ ಹಾರಿತು.

ನಾಲ್ಕು ಮರಿ ಮಿಸುಕುತ್ತಿದ್ದವು. ಒಂದು ಮಿಸುಕಲಿಲ್ಲ.

ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕರಿಬೇವಿನ ಗಿಡದ ಬುಡದಲ್ಲಿ ಕೂತರು. ತೋಳಿನಲ್ಲಿ ರಕ್ತ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಏನೇನೋ ಹೇಳಿದೆ. "ಬಂಡೆ ಸಿಡಿದದ್ದಕ್ಕೆ ಅಲ್ಲವಾ ಅತ್ತೆ, ನಿಮ್ಮಿಂದ ಅಲ್ಲ." ಅವರು ತಲೆ ಎತ್ತದೆ, "ಬಂಡಿ ದಿನಾ ಸಿಡೀತೈತಿ. ಹಲಗಿ ಇಟ್ಟಾಕಿ ನಾ" ಎಂದರು. ತಾವೇ ಮಣ್ಣು ತೋಡಿದರು, ಚಿಟಿಕೆ ವಿಭೂತಿ ಹಾಕಿ ಮುಚ್ಚಿದರು.

ಅವತ್ತೇ ನಾನು ಆಟೋ ಮಾಡಿಕೊಂಡು ಪಶುವೈದ್ಯರ ಬಳಿ ಹೋದೆ. ಹಳೇ ಊರಿನ ವಯಸ್ಸಾದ ಡಾಕ್ಟರು, ಎಮ್ಮೆಗಳ ಸಾಲಿನ ನಡುವೆ ನಿಂತೇ ಕೇಳಿಸಿಕೊಂಡರು. ಮೊಲ ಹೀಗೇ, ಎಂದರು. ದಿನಕ್ಕೆ ಒಂದೋ ಎರಡೋ ಸಲ, ಹೆಚ್ಚಾಗಿ ನಸುಕಿನಲ್ಲಿ, ನಾಲ್ಕು ನಿಮಿಷ ಹಾಲು ಕೊಟ್ಟು ದೂರ ಹೋಗಿಬಿಡುತ್ತದೆ. ತಾನು ಹತ್ತಿರವಿದ್ದರೆ ತನ್ನ ವಾಸನೆ ಹಿಡಿದು ನಾಯಿ ನರಿ ಬಂದಾವೆಂಬ ಭಯ ಅದಕ್ಕೆ. ದೂರವಿರುವುದೇ ಅದರ ಕಾವಲು. "ಮಾ ಕೊ ನಕ್ಕೊ ದೇಖೋ ಅಮ್ಮಾ, ಬಚ್ಚೋಂ ಕಾ ಪೇಟ್ ದೇಖೋ" ಎಂದರು. ತಾಯಿಯನ್ನು ನೋಡಬೇಡಿ, ಮರಿಗಳ ಹೊಟ್ಟೆ ನೋಡಿ; ದುಂಡಗಿದ್ದರೆ ಕುಡಿದಿವೆ ಎಂದೇ ಅರ್ಥ. ಯಾವುದಾದರೂ ಸೊರಗಿದ್ದರೆ ಮಾತ್ರ ತಾಯಿಯನ್ನು ಮೆಲ್ಲಗೆ ಹಿಡಿದು ಆ ಮರಿಯೊಂದನ್ನೇ ಕುಡಿಯಲು ಬಿಡಬೇಕು. ಸೊಪ್ಪು ಕೊಡಿ, ಹೊಗೆ ಬೇಡ, ಸದ್ದಿಲ್ಲದ ಜಾಗ ಬೇಕು.

ಮನೆಗೆ ಬಂದು ನೋಡಿದೆವು. ಮೂರರ ಹೊಟ್ಟೆ ದುಂಡಗಿತ್ತು. ನಾವು ಎಚ್ಚರಾಗುವ ಮೊದಲೇ ತಾಯಿ ತನ್ನ ಕೆಲಸ ಮುಗಿಸುತ್ತಿತ್ತು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಹೊಟ್ಟೆ ಒಳಕ್ಕೆ ಹೋಗಿ ಚರ್ಮ ನೆರಿಗೆ ಬಿದ್ದಿತ್ತು.

ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅತ್ತೆ ಒಳಗೆ ಹೋದರು. ಆ ಮನೆಯಲ್ಲಿ ಕಿಟಕಿಯಿಲ್ಲದ, ನಡುವಿನ, ಸದ್ದು ತಲುಪದ ಜಾಗ ಒಂದೇ. ಅದು ದೇವರ ಕೋಣೆ. ನಾನು ಹೋಗುವುದರೊಳಗೆ ಜಗಲಿಯ ಮೇಲಿನ ಪಟಗಳು, ಗಂಟೆ, ದೀಪದ ಸಮೆ, ವಿಭೂತಿ ಬಟ್ಟಲು ಎಲ್ಲ ಅಡುಗೆಮನೆಯ ಗೂಡಿಗೆ ಹೋಗಿದ್ದವು.

"ಅತ್ತೆ, ನಿಮ್ಮ ಪೂಜೆ?"

"ದೇವರಿಗೇನ, ಎಲ್ಲಿ ಇಟ್ರೂ ಇರ್ತಾನ. ಇಕಿ ಅಂಜ್ಯಾಳ."

ಮೊಲ ಹೊಸ್ತಿಲು ದಾಟಿ, ಹಾಲ್ ದಾಟಿ, ದೇವರ ಕೋಣೆ ಸೇರಿತು. ಅಷ್ಟಾದ ಮೇಲೆ ಅತ್ತೆ ಬಾಗಿಲಿನಿಂದ ಹಿಂದೆ ಸರಿದುಬಿಟ್ಟರು. ಒಳಗೆ ಕಾಲಿಡಲಿಲ್ಲ. ಸೊಪ್ಪನ್ನು ನನ್ನ ಕೈಗೆ ಕೊಟ್ಟು ಕಳಿಸುವರು. ಸಂಜೆ ನನ್ನಮ್ಮನಿಗೆ ತಾವೇ ಫೋನು ಮಾಡಿದರು. ಬೀಗರ ಮನೆಗೆ ತಾವಾಗಿ ಎಂದೂ ಫೋನು ಮಾಡಿದವರಲ್ಲ. "ಕುಬುಸ ಜಲ್ದಿ ಮಾಡಿ ಕಳಸ್ತೀನ್ರಿ. ನಿಮ್ಮ ಕೈಯಾಗ ಇರಲಿ ಮಗಳು. ನನಗ ಆಗಾಂಗಿಲ್ಲ." ಸೀಮಂತಕ್ಕೆ ಅವರ ಕಡೆ ಕುಬುಸ ಎನ್ನುತ್ತಾರೆ. ನಾನು ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದೆ. ಅಮ್ಮನಿಗೆ ಸಂತೋಷವಾಗಿರಬೇಕು, ಆ ತುದಿಯಿಂದ ಬಹಳ ಹೊತ್ತು ಮಾತು ಬರುತ್ತಿತ್ತು. ಅತ್ತೆ "ಹೌದ್ರಿ, ಹೌದ್ರಿ" ಎನ್ನುತ್ತ ಗೋಡೆಗೆ ಮುಖ ಮಾಡಿ ನಿಂತಿದ್ದರು. ಫೋನಿಟ್ಟ ಮೇಲೆ ಬಟ್ಟೆಯ ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ನೂಕಿದರು.

ಮರುದಿನ ಅವರು ಚಪ್ಪಲಿ ಮೆಟ್ಟಿ ಹಿತ್ತಿಲ ಗೋಡೆಯಾಚೆಯ ಬಂಡೆ ಕೆಲಸದ ಜಾಗಕ್ಕೆ ಹೋದರು. ಅಲ್ಲಿ ಜಲ್ಲಿ ಹೊರುವವರೆಲ್ಲ ಯಾದಗಿರಿ, ರಾಯಚೂರು ಕಡೆಯವರು. ಮೇಸ್ತ್ರಿಯೂ ಆ ಕಡೆಯವನೇ. ಸಿಡಿಸುವುದಕ್ಕೆ ಬಹಳ ಮೊದಲೇ ತಮಗೊಂದು ಮಾತು ಹೇಳಿಕಳಿಸಬೇಕೆಂದು ಕೇಳಿಕೊಂಡರಂತೆ. "ಯಾಕ ಯವ್ವಾ?" ಎಂದನಂತೆ ಮೇಸ್ತ್ರಿ. "ಮನ್ಯಾಗ ಬಾಣಂತಿ ಅದಾಳ. ಹಸೀ ಮೈ." ಅಷ್ಟೇ ಹೇಳಿದ್ದು. ಸುಳ್ಳೇನೂ ಹೇಳಿರಲಿಲ್ಲ. ಮೇಸ್ತ್ರಿ ತಲೆಯ ರುಮಾಲು ತೆಗೆದು, "ಹೇಳಬಾರದೇನ್ರಿ ಯವ್ವಾ ಇಷ್ಟು ದಿನ" ಎಂದನಂತೆ.

ಅಂದಿನಿಂದ ಸೀಟಿಗೆ ಬಹಳ ಮೊದಲೇ ಗೋಡೆಯ ಮೇಲೊಂದು ತಲೆ ಕಾಣಿಸಿಕೊಂಡು, "ಆಯೀ, ಹೊಡೀತಾರ ಈಗ, ಬಾಣಂತಿನ ಒಳಗ ಕರಕೋರಿ" ಎಂದು ಕೂಗುವುದು. ನಾವು ದೇವರ ಕೋಣೆಯ ಬಾಗಿಲಿಗೆ ಕಂಬಳಿ ಮುಚ್ಚಿ ಅದಕ್ಕೆ ಒರಗಿ ಕೂರುವೆವು. ಹಾಗೆ ಕೂಗುತ್ತಿದ್ದ ಹೆಂಗಸು ಒಂದು ಸಂಜೆ ಕೆಲಸ ಬಿಟ್ಟಮೇಲೆ ಗೇಟಿಗೆ ಬಂದಳು. ತಲೆಯ ಮೇಲೆ ಇನ್ನೂ ಸಿಂಬಿ ಇತ್ತು. ಸೆರಗಿನ ಗಂಟಿನಲ್ಲಿ ಅರ್ಧ ಒಣಕೊಬ್ಬರಿ, ಒಂದು ಉಂಡೆ ಬೆಲ್ಲ.

"ಕೂಸಿನ ನೋಡ್ಕೊಂಡ ಹೋಗ್ತೀನ್ರಿ ಆಯಿ. ಗಂಡೋ ಹೆಣ್ಣೋ?"

ಅತ್ತೆ ನನ್ನ ಕಡೆ ನೋಡಿದರು. ಅವಳು ನನ್ನ ಹೊಟ್ಟೆ ನೋಡಿದಳು. ಅದು ಇನ್ನೂ ಅಲ್ಲೇ ಇತ್ತು.

"ಇನ್ನ ತಿಳಿದಿಲ್ಲ," ಎಂದರು ಅತ್ತೆ ಮೆಲ್ಲಗೆ. "ನಾಕ ಅದಾವ."

ಅವಳನ್ನು ಒಳಗೆ ಕರೆದೊಯ್ದು ತೋರಿಸದೆ ವಿಧಿಯಿರಲಿಲ್ಲ. ಪಂಜರ ನೋಡಿದಳು. ಅತ್ತೆಯನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗದೆ ಹಾಗೇ ಬಾಗಿಲಲ್ಲಿ ಕುಕ್ಕರಿಸಿದಳು. "ಎವ್ವಾ, ನಮ್ಮ ಮೇಸ್ತ್ರಿ ತನ್ನ ಹೇಂತಿ ಹಡದಾಗೂ ಇಷ್ಟು ಫಿಕರ್ ಮಾಡಿಲ್ರಿ." ಆಮೇಲೆ ಕಣ್ಣೊರೆಸಿಕೊಂಡು, "ಇರಲಿ ಬಿಡ್ರಿ. ಬಾಣಂತಿ ಬಾಣಂತೀನ. ನಾ ಯಾರಿಗೂ ಹೇಳಾಂಗಿಲ್ಲ" ಎಂದು ಕೊಬ್ಬರಿ ಬೆಲ್ಲ ಕೊಟ್ಟೇ ಹೋದಳು. ಅತ್ತೆ ಅದನ್ನು ನನಗೆ ತಿನ್ನಿಸಿದರು.

ನಗು ಅಷ್ಟಕ್ಕೇ ಮುಗಿಯಿತು. ನಾಲ್ಕನೇ ಮರಿ ದಿನೇ ದಿನೇ ಒಣಗುತ್ತಿತ್ತು. ಉಳಿದವಕ್ಕೆ ರೇಷ್ಮೆಯಂಥ ಬೂದಿ ಕೂದಲು ಮೊಳೆಯುತ್ತಿದ್ದರೆ ಇದು ಹಾಗೇ ಕೆಂಪಗೆ, ತಣ್ಣಗೆ. ತಾಯಿ ಹಾಲಿಗೆ ಬಂದಾಗ ದೊಡ್ಡವು ಇದನ್ನು ತಳ್ಳಿಹಾಕುತ್ತಿದ್ದವು. ತಾಯಿಯನ್ನು ಹಿಡಿದು ಕುಡಿಸಲೇಬೇಕಿತ್ತು. ನಾನು ಪ್ರಯತ್ನಿಸಿದೆ. ನಾನು ಹಿಡಿದಷ್ಟೂ ಮೊಲ ಒದ್ದಾಡಿ ಜಾರಿಕೊಳ್ಳುತ್ತಿತ್ತು.

"ಅತ್ತೆ, ನೀವೇ ಹಿಡಿಯಬೇಕು."

"ನಾ ಮುಟ್ಟಾಂಗಿಲ್ಲ ಅಕಿನ."

"ಇದೂ ಹೋಗಿಬಿಡುತ್ತೆ ಅತ್ತೆ."

"ನಾ ಮುಟ್ಟಿದ್ದಕ್ಕ ಹೋಗಿದ್ದು ಒಂದು ಸಾಕು." ಅವರು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು. "ನನಗ ಗೊತ್ತಿರಲಿಲ್ಲ ಏ ಹುಡುಗಿ. ಎಲ್ಲಾ ಗೊತ್ತೈತಿ ಅನ್ಕೊಂಡಿದ್ದೆ. ಒಂದೂ ಮಾಡಿಲ್ಲ, ಬರೇ ಬಾಯಿಲೆ ಕಲ್ತಿದ್ದೆ. ನಿನ್ನ ಮಗ್ಗಲಾಗ ಕುಂತು ಮತ್ತೊಂದು ಹಲಗಿ ಇಟ್ರ?"

ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಲಿಲ್ಲ ಎನ್ನುವಂತೆ ಮರಿಯನ್ನೇ ನೋಡಿದೆ. ಅದರ ಪಕ್ಕೆ ಏರಿ ಇಳಿಯುವುದು ಎಷ್ಟು ನಿಧಾನವೆಂದರೆ, ಪ್ರತಿ ಸಲ ಇಳಿದಾಗಲೂ ಮತ್ತೆ ಏರುತ್ತದೋ ಇಲ್ಲವೋ ಎಂದು ನನ್ನ ಉಸಿರೂ ನಿಲ್ಲುತ್ತಿತ್ತು. ತುಟಿ ತನ್ನಷ್ಟಕ್ಕೆ ಪ್ರಾರ್ಥನೆ ಶುರುಮಾಡಿತು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಸೀರೆಯ ಸದ್ದಾಯಿತು. ಅತ್ತೆ ಒಳಗೆ ಬಂದು ಮೊಣಕಾಲು ನೋವಿಗೆ ಹಲ್ಲು ಕಚ್ಚಿ ನೆಲಕ್ಕೆ ಕೂತರು. ಮೊಲವನ್ನು ಎತ್ತಲಿಲ್ಲ. ಪಂಜರದ ಬಾಗಿಲು ತೆರೆದು, ಅಂಗೈಯನ್ನು ನೆಲದ ಮೇಲೆ ಚಾಚಿ ಇಟ್ಟು, ಕಾದರು. "ಬಾ ತಾಯಿ. ಹಿಡೀಲೇನು? ಬ್ಯಾಡಂದ್ರ ಬಿಡ್ತೀನಿ." ಮೊಲ ಮೂಗಾಡಿಸಿತು, ಹಿಂದೆ ಸರಿಯಿತು. ಅತ್ತೆ ಕೈ ತೆಗೆಯಲಿಲ್ಲ, ಮುಂದಕ್ಕೂ ಚಾಚಲಿಲ್ಲ. ನನಗೆ ತಾಳ್ಮೆ ಮುಗಿದು ಏನೋ ಅನ್ನಹೋದೆ, ಕಣ್ಣಲ್ಲೇ ಗದರಿದರು. ಬಹಳ ಹೊತ್ತಾದ ಮೇಲೆ ಅದು ಕುಪ್ಪಳಿಸಿ ಬಂದು ಅವರ ಬೆರಳು ಮೂಸಿತು. ಇನ್ನೂ ಕಾದರು. ಆಮೇಲೆ ಮೆಲ್ಲಗೆ ಎದೆಯಡಿ ಕೈ ಹಾಕಿ ಮಡಿಲಿಗೆ ತಂದು, ಒಂದು ಅಂಗೈಯಿಂದ ಅದರ ಕಣ್ಣು ಮುಚ್ಚಿದರು. ಮೊಲ ನಿಶ್ಚಲವಾಯಿತು. "ಈಗ ಕೊಡು ಕೂಸಿನ."

ನಾನು ಮರಿಯನ್ನು ಹೊಟ್ಟೆಯಡಿ ಇಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅದರ ತಲೆ ಕೂದಲಲ್ಲಿ ಹುಡುಕಾಡಿತು, ನಿಂತಿತು, ಸಣ್ಣಗೆ ಚಪ್ಪರಿಸುವ ಸದ್ದು ಕೇಳಿಸಿತು. ಮೊಲ ಒಮ್ಮೆ ಕಾಲು ಒದರಿತು. ಅತ್ತೆ ತಕ್ಷಣ ಕೈ ಸಡಿಲಿಸಿದರು, "ಹೋಗ್ತಿ? ಹೋಗು" ಎಂದರು. ಅದು ಹೋಗಲಿಲ್ಲ. ಮರಿ ಕುಡಿದು ಮುಗಿಸುವವರೆಗೂ ಅವರ ಮಡಿಲಲ್ಲೇ ಇತ್ತು.

ಹಾಗೆ ಪ್ರತಿದಿನ ಬೆಳಗಾಗುತ್ತಲೇ, ಲಿಂಗಪೂಜೆಗೂ ಮೊದಲು, ಅತ್ತೆ ನೆಲದ ಮೇಲೆ ಕೈ ಚಾಚಿ ಕೂರುತ್ತಿದ್ದರು. ಕೆಲವು ದಿನ ಬರುತ್ತಿರಲಿಲ್ಲ. "ಇವತ್ತ ಅಕಿ ಮನಸಿಲ್ಲ" ಎಂದು ಎದ್ದುಬಿಡುವರು. ಅವತ್ತೆಲ್ಲ ನಾವಿಬ್ಬರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಆದರೂ ಬಲವಂತ ಮಾಡಲಿಲ್ಲ. ಒಂದು ಬೆಳಿಗ್ಗೆ ಮರಿಗಳು ಕಣ್ಣು ಬಿಟ್ಟವು. ಮೊದಲು ದೊಡ್ಡ ಮೂರು. ಅದರ ಮಾರನೇ ದಿನವೂ, ಮೂರನೇ ದಿನವೂ ಚಿಕ್ಕದರ ಕಣ್ಣು ಅಂಟಿಕೊಂಡೇ ಇದ್ದವು. ಅತ್ತೆ ದೇವರ ಗೂಡಿನ ಮುಂದೆ ನಿಂತದ್ದೂ, ಹಿಂದಕ್ಕೆ ಬಂದು ಬಗ್ಗಿ ನೋಡಿದ್ದೂ, ಮತ್ತೆ ಹೋಗಿ ನಿಂತದ್ದೂ ಎಷ್ಟು ಸಲವೋ. ಕಡೆಗೆ ಮೊಮ್ಮಗಳು ಕೂಗಿದಳು: "ಅಜ್ಜಿ, ಒಂದು ಕಣ್ಣು!" ಅವರು ಗಡಬಡಿಸಿ ಬಂದರು. ಒಂದೇ ಕಣ್ಣು, ಕರಿ ಮೆಣಸಿನಕಾಳಿನಷ್ಟು. ಅದು ನೋಡಿದ ಮೊದಲ ಮುಖ ನಮ್ಮತ್ತೆಯದು.

"ನೋಡಾಕತ್ತೈತಿ," ಎಂದರು. ಅಷ್ಟೇ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅವತ್ತು ಮಧ್ಯಾಹ್ನ ನಾನು ಮಂಚದ ಕೆಳಗಿನಿಂದ ಬಟ್ಟೆಯ ಪೆಟ್ಟಿಗೆ ಎಳೆದೆ. ಬಗ್ಗಲಾರದೆ ಕಾಲಿನಿಂದಲೇ ಎಳೆದೆ. "ಏನ ಮಾಡಾಕತ್ತಿ?" "ಎಷ್ಟಿವೆ ನೋಡೋಣ ಅಂತ. ಎರಡು ಮೊಲಕ್ಕೆ ಹೋದವು. ನನಗೆ ಸಾಕಾಗುತ್ತಾ?"

ಅತ್ತೆ ಅವರೇಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು. "ನಿಮ್ಮವ್ವಗ ಹೇಳಿಬಿಟ್ಟೀನಿ, ಕಳಸ್ತೀನಂತ."

"ನಾನು ಇಲ್ಲೇ ಇರ್ತೀನಿ ಅಂತ ಬೆಳಿಗ್ಗೆ ನಾನೇ ಹೇಳಿದೆ."

"ಏನಂದ್ರು?"

"ಬೈದರು."

"ಬೈಲಿ. ಬೈಬೇಕು. ಹಡದಾಕಿ ಅಲ್ಲೇನು." ಮತ್ತೆ ಕಾಯಿ ಬಿಡಿಸತೊಡಗಿದರು. ಸಿಪ್ಪೆ ಬುಟ್ಟಿಗೆ, ಕಾಳು ನೆಲಕ್ಕೆ ಬೀಳುತ್ತಿದ್ದವು. ಅವರಿಗೆ ಅದರ ಮೇಲೆ ಗಮನವಿರಲಿಲ್ಲ.

ಎರಡನೇ ಮಗಳು ಹುಟ್ಟಿದ್ದು ಹೈದರಾಬಾದಿನಲ್ಲೇ. ಆ ಹೊತ್ತಿಗೆ ಮೊಲದ ಮರಿಗಳು ಹಿತ್ತಿಲ ತುಂಬ ಓಡಾಡುತ್ತಿದ್ದವು. ಅತ್ತೆ ನನ್ನ ಬಾಣಂತನವನ್ನು ತಮಗೆ ಗೊತ್ತಿದ್ದ ಶಾಸ್ತ್ರದಂತೆಯೇ ಮಾಡಿದರು: ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ, ಅಜವಾನದ ನೀರು, ಕಿವಿಗೆ ಕಟ್ಟಿದ ಬಟ್ಟೆ. ಆದರೆ ಪ್ರತಿಯೊಂದನ್ನೂ ಕೇಳಿ ಮಾಡಿದರು. ಆ ಕಾಲದ ಅತ್ತೆಯರು, ಅಷ್ಟೇಕೆ ಅಮ್ಮಂದಿರೂ ಬಾಣಂತಿಯನ್ನು ಏನೂ ಕೇಳುತ್ತಿರಲಿಲ್ಲ. ಮೊದಲ ಸಲ ಮೈಸೂರಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಇವರು ಬಚ್ಚಲಲ್ಲಿ ತಂಬಿಗೆ ಎತ್ತಿ ಹಿಡಿದು, "ಬಿಸಿ ಸಾಕೇನು? ಎರೀಲೇನು?" ಎಂದು ನಾನು ಹೂಂ ಅನ್ನುವವರೆಗೆ ನಿಲ್ಲುವರು. ಹೊಗೆ ನನಗೆ ಆಗದು ಎಂದ ದಿನ ಲೋಬಾನ ನಿಂತಿತು. ಎದೆ ಕಟ್ಟಿ, ಮಗು ಕಚ್ಚದೆ, ನಾನು ಅತ್ತ ಒಂದು ವಾರ ಅವರು ಹತ್ತಿರ ಕೂತು ಏನೂ ಹೇಳಲಿಲ್ಲ, ಕಲಿಸಲಿಲ್ಲ. ಬಾಗಿಲು ಮುಚ್ಚಿ, ಹೊರಗೆ ಯಾರೂ ಬರದಂತೆ ನೋಡಿಕೊಂಡರು. ಅಷ್ಟೇ ನನಗೆ ಬೇಕಿದ್ದುದು.

ವರ್ಷಗಳ ಮೇಲೆ ನನ್ನಮ್ಮ ಬಂದಿದ್ದಾಗ, ಬಂದ ನೆಂಟರಿಗೆಲ್ಲ ಅತ್ತೆ ಹೇಳುವರು: "ನಾ ಎರಡು ಬಾಣಂತನ ಮಾಡೀನ್ರಿ. ಒಂದು ಮೊಲದ್ದು, ಒಂದು ಇಕಿದು. ಖರೆ ಹೇಳಬೇಕಂದ್ರ ಮೊಲಾನ ಛಲೋ. ಅದು ತವರಿಗೆ ಫೋನ್ ಹಚ್ಚಿ ಚಾಡಿ ಹೇಳಲಿಲ್ಲ." ಅಮ್ಮ ಬಿಡುವವರಲ್ಲ. "ಹೇಳಿದ್ದರೆ ಅದರ ಅಮ್ಮನೂ ರೈಲು ಹತ್ತಿಕೊಂಡು ಬಂದಿರೋರು," ಎನ್ನುವರು. ಇಬ್ಬರು ಮುದುಕಿಯರೂ ನಗುವರು.

ಅತ್ತೆ ಕಡೆಯ ಒಂದೂವರೆ ವರ್ಷ ಹಾಸಿಗೆ ಹಿಡಿದರು. ಮಾತು ಕಡಿಮೆಯಾಯಿತು, ಫಿಕರ್ ಮಾತ್ರ ಕಡೆಯವರೆಗೂ ಇತ್ತು. ನಾನು ಎರಡು ಹೊತ್ತು ಮೈ ಒರೆಸುತ್ತಿದ್ದೆ, ತಲೆಗೆ ಎರೆಯುತ್ತಿದ್ದೆ. ನೋಡಲು ಬಂದವರು, "ಅತ್ತಿದು ಭಾಳ ಮಾಡಿದಿ ನೀನು" ಎನ್ನುವರು. ಏನು ಹೇಳಲಿ? ಹಡೆದ ಮೈಯನ್ನು ಕೇಳಿ ಮುಟ್ಟಿದವರು ಅವರೊಬ್ಬರೇ ಎಂದು ಬಂದವರಿಗೆ ವಿವರಿಸುವುದು ಹೇಗೆ?

ಒಂದು ಚಳಿಗಾಲದ ಬೆಳಿಗ್ಗೆ, ಎದ್ದು ನೋಡುವುದರೊಳಗೆ ಹೋಗಿದ್ದರು. ಬಿಜಾಪುರದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ನನ್ನ ವಾರಗಿತ್ತಿ ಬಂದು ಸೇರಿದ ಮೇಲೆ, ನಾವಿಬ್ಬರೂ ಸೇರಿ ಅವರಿಗೆ ಕಡೆಯ ಸ್ನಾನ ಮಾಡಿಸಿದೆವು. ಹೊರಗೆ ಗಂಡಸರು ಹೊತ್ತಾಯಿತೆಂದು ಅವಸರಪಡಿಸುತ್ತಿದ್ದರು. ನಾನು ತಂಬಿಗೆ ತುಂಬಿ ಎತ್ತಿದವಳು ಸುರಿಯದೆ ಹಾಗೇ ನಿಂತೆ.

"ಅತ್ತೆ, ಬಿಸಿ ಸಾಕಾ?" ಎಂದೆ.

ವಾರಗಿತ್ತಿ ನನ್ನ ಮುಖ ನೋಡಿದಳು. ತಂಬಿಗೆಯಲ್ಲಿ ಬೆರಳದ್ದಿ ನೋಡಿದಳು.

"ಸಾಕೈತಿ ಅಕ್ಕ. ಎರಿ."

ಎರೆದೆ.